ಕಂದು ಗುಂಡಿ

ಜೂನ್ 9

ಕಂಪ್ಯೂಟರ್ ಟೀಚರಮ್ಮನವರಿಗೆ ನಮಸ್ಕಾರಗಳು.

ಹೊಸ ಕ್ಲಾಸಿನ ಮಕ್ಕಳಿಗೆ ಓದಿ ಹೇಳಲು ನಮ್ಮ ಮನೆಯ ಪತ್ರಗಳನ್ನು ಕೇಳಿದ್ದೀರಿ. ಕಳಿಸಿದ್ದೇನೆ. ಲಾಂಡ್ರಿ ನಡೆಸುವವಳು ನಾನು, ಲೆಕ್ಕ ಹೇಳದೆ ಗಂಟು ಒಪ್ಪಿಸಿ ಅಭ್ಯಾಸವಿಲ್ಲ. ಆದ್ದರಿಂದ ಈ ಇಡೀ ಪ್ರಕರಣಕ್ಕೆ ಬಿದ್ದ ಖರ್ಚನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನ ಮಗಳಿಗೆ: ಲ್ಯಾಬ್ ಲೀಡರ್ ಬ್ಯಾಡ್ಜು, ಕಂಪ್ಯೂಟರ್ ಖಾತೆ, ಊಟದ ಹಾಲಿನಲ್ಲಿ ತಲೆಯೆತ್ತಿ ಕೂರುವ ಧೈರ್ಯ. ಮೊದಲನೆಯದು ವಾಪಸು ಬರಲಿಲ್ಲ, ಎರಡನೆಯದು ತಡವಾಗಿ ಬಂತು, ಮೂರನೆಯದು ತಾನಾಗಿಯೇ ಬಂತು. ನನಗೆ: ಮದುವೆಯಾಗಿ ಬಂದಾಗಿನಿಂದ ಇದ್ದ ಒಬ್ಬ ಗಿರಾಕಿ, ಮತ್ತು ಗಂಡನ ಜೊತೆ ಎರಡು ವಾರದ ಮಾತು. ಅವರು ಮೊದಲೇ ಮಿತಭಾಷಿ, ಹಾಗಾಗಿ ಮೊದಲ ವಾರ ನಷ್ಟವಾದದ್ದು ನನಗೆ ತಿಳಿಯಲೇ ಇಲ್ಲ. ನಮ್ಮ ರಸ್ತೆಯ ಔಷಧಿ ಅಂಗಡಿಯವರಿಗೆ ಏನು ಖರ್ಚಾಯಿತೆಂಬುದನ್ನು ಅವರೇ ಬರೆದಿದ್ದಾರೆ. ಅದಕ್ಕೆ ನಾನು ಕೈ ಹಾಕುವುದಿಲ್ಲ.

ಪತ್ರ ಬರೆದವರು ಮೂವರು. ನನ್ನನ್ನು ಬಿಟ್ಟು ಉಳಿದಿಬ್ಬರನ್ನೂ ಕೇಳಿಯೇ ಕಳಿಸಿದ್ದೇನೆ.

ಇಂತಿ,
ಚೂಟಿಯ ಅಮ್ಮ


ಆಗಸ್ಟ್ 3

ಚೂಟಿ,

ಹಾಸ್ಟೆಲ್ಲಿಗೆ ಹೋಗಿ ಎರಡು ತಿಂಗಳಾದರೂ ದಿಂಬಿಲ್ಲದೆ ಮಲಗುತ್ತೀಯಂತೆ. ದಿಂಬು ಕಳಿಸಿದ್ದೇನೆ. ಅದರ ಕವರಿಗೆ ಇಸ್ತ್ರಿ ಹಾಕಿದವರು ನಿಮ್ಮಪ್ಪ. ಮಡಿಕೆ ಬಿಚ್ಚಲು ಮನಸ್ಸು ಬರುವುದಿಲ್ಲ, ಹಾಗೆ ಹಾಕಿದ್ದಾರೆ.

ಕಂಪ್ಯೂಟರ್ ಬಳಸುವ ಬಗ್ಗೆ ನಿಮ್ಮ ಶಾಲೆಯವರು ಕಳಿಸಿದ ಹನ್ನೊಂದು ಪುಟದ ನಿಯಮಕ್ಕೆ ಸಹಿ ಹಾಕಿದ್ದೇನೆ. ಇಸ್ತ್ರಿ ಟೇಬಲ್ಲಿನ ಮೇಲಿಟ್ಟು ಹಾಕಿದ್ದರಿಂದ ಒಂದು ಮೂಲೆ ಸುರುಟಿಕೊಂಡಿದೆ, ಟೀಚರಿಗೆ ಹೇಳು. ಓದಿದೆಯಾ ಎಂದು ಕೇಳಬೇಡ. ಸೋಪಿನ ಪ್ಯಾಕೆಟ್ಟಿನ ಹಿಂದೆ ಬರೆದಿರುವುದನ್ನು ಯಾರು ಓದುತ್ತಾರೆ?

ರಜೆಯಲ್ಲಿ ನೀನು ನಮ್ಮ ಅಂಗಡಿಗೆ ಇಂಟರ್ನೆಟ್ಟಿನಲ್ಲಿ ಮಾಡಿಕೊಟ್ಟು ಹೋದೆಯಲ್ಲ, 'ಜೇಬಿನಲ್ಲಿ ಸಿಕ್ಕಿದ್ದು' ಎನ್ನುವ ಪೇಜು, ಅದು ಕೆಲಸ ಮಾಡುತ್ತಿದೆ ಕಣೆ. ನಿನ್ನೆ ಒಬ್ಬಳು ಎರಡು ಬಸ್ಸು ಬದಲಾಯಿಸಿಕೊಂಡು ಪರದೆ ಒಗೆಸಲು ಬಂದಿದ್ದಳು. "ಆ ಹಲ್ಲಿನ ಫೋಟೋ ಹಾಕಿದ್ದು ನೀವೇನಾ?" ಎಂದು ಕೇಳಿದಳು. ಯಾರದೋ ಅಂಗಿಯ ಜೇಬಿನಲ್ಲಿ ಮಗುವಿನ ಹಾಲುಹಲ್ಲು ಸಿಕ್ಕಿತ್ತಲ್ಲ, ಅದು. ಪರದೆಗೆ ಜೇಬಿರುವುದಿಲ್ಲ ಎಂದು ಬೇಜಾರಾಯಿತು.

ನಿಮ್ಮಪ್ಪನಿಗೆ ಮಾತ್ರ ಇದು ಹಿಡಿಸಿಲ್ಲ. ನಮ್ಮಲ್ಲಿ ಹೇಗೆಂದು ನಿನಗೆ ಗೊತ್ತು. ಬಟ್ಟೆ ನೆನೆಹಾಕುವ ಮೊದಲು ಜೇಬು ಖಾಲಿ ಮಾಡಬೇಕು, ಸಿಕ್ಕಿದ್ದನ್ನು ತಗಡಿನ ಬಟ್ಟಲಿಗೆ ಹಾಕಿ ಬಟ್ಟೆಯ ನಂಬರಿನ ಚೀಟಿ ಇಡಬೇಕು, ಗಿರಾಕಿ ಬಂದಾಗ ಬಟ್ಟಲನ್ನು ಮುಂದೆ ತಳ್ಳಿ ಬೇರೆ ಕಡೆ ನೋಡಬೇಕು. ಏನಿತ್ತು, ಯಾಕಿತ್ತು ಎಂದು ಕೇಳುವಂತಿಲ್ಲ. ಅವರಿಗೆ ಕೆಲಸ ಕಲಿಸಿದವರು ಹಾಗೆ ಕಲಿಸಿದ್ದರಂತೆ. ನಾನು ಹೇಳಿದೆ, "ಹೆಸರು ಹಾಕೋದಿಲ್ವಲ್ರೀ, ಯಾರಿಗೆ ಗೊತ್ತಾಗುತ್ತೆ?" ಅವರು ಇಸ್ತ್ರಿ ಪೆಟ್ಟಿಗೆಯನ್ನು ಸ್ವಲ್ಪ ಜೋರಾಗಿ ಒತ್ತಿದರು. ಅದೇ ಉತ್ತರ.

ರಸ್ತೆಯ ಸುದ್ದಿ: ಔಷಧಿ ಅಂಗಡಿಯವರ ಬೂದು ಕೋಟಿನ ಗುಂಡಿ ಬಿದ್ದುಹೋಗಿತ್ತು. ಬೂದು ಬಣ್ಣದ್ದು ಸಿಗಲಿಲ್ಲ, ಕಂದು ಹಾಕಿಕೊಟ್ಟೆ. "ಏನಮ್ಮಾ ಇದು, ಇಡೀ ರಸ್ತೆ ನನ್ನ ಹೊಟ್ಟೆ ನೋಡ್ತಿದೆ" ಎಂದರು. "ನಮ್ಮ ಅಂಗಡಿ ಜಾಹೀರಾತು ಸಾರ್" ಎಂದೆ. ಎರಡು ಸಲ ಹೇಳಬೇಕಾಯಿತು. ಆಮೇಲೆ ನಕ್ಕರು.

ನಿನ್ನ ಅಮ್ಮ


ಆಗಸ್ಟ್ 17

ಅಮ್ಮಾ,

ದಿಂಬು ಬಂತು. ಮಡಿಕೆ ಬಿಚ್ಚಿದೆ, ಅಪ್ಪನಿಗೆ ಹೇಳಬೇಡ.

ಒಂದು ಸುದ್ದಿ. ನನ್ನನ್ನು ಲ್ಯಾಬ್ ಲೀಡರ್ ಮಾಡಿದ್ದಾರೆ! ನೀಲಿ ಬ್ಯಾಡ್ಜು ಕೊಟ್ಟಿದ್ದಾರೆ. ಸಂಜೆ ಲ್ಯಾಬಿನ ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ. ಚಿಕ್ಕ ಕ್ಲಾಸಿನವರು 'ಅಕ್ಕಾ ಇದು ತೆರೀತಿಲ್ಲ' ಎಂದು ಬಂದಾಗ ನಾನು ಟೀಚರ್ ಥರ ನಿಟ್ಟುಸಿರು ಬಿಡುತ್ತೇನೆ.

ಇಲ್ಲಿ ಫೋನಿಲ್ಲದ್ದರಿಂದ ಪೇಜನ್ನು ನೋಡಿಕೊಳ್ಳುವುದು ಶಾಲೆಯ ಖಾತೆಯಿಂದಲೇ. ಅದು ಪಾಠಕ್ಕೆ ಎಂದು ಕೊಟ್ಟಿದ್ದು, ಆದರೆ ಪಾಠ ಮುಗಿದ ಮೇಲೆ ತಾನೆ ನಾನು ಮಾಡುವುದು. ನೀನು ಫೋಟೋಗಳನ್ನು ಅದಕ್ಕೇ ಕಳಿಸುತ್ತಿರು. ನನ್ನ ಪಕ್ಕದ ಮಂಚದವಳೂ ನಾನೂ ಸೇರಿ ಫೋಟೋದ ಕೆಳಗಿನ ಸಾಲು ಬರೆಯುತ್ತೇವೆ. ನಗುವ ಹಾಗಿದ್ದರೆ ಜನ ಹಂಚುತ್ತಾರೆ, ಸುಮ್ಮನೆ ಬರೆದರೆ ಯಾರೂ ನಿಲ್ಲುವುದಿಲ್ಲ.

ಒಂದು ಮಾತು. ತಗಡಿನ ಬಟ್ಟಲಿನಲ್ಲಿಟ್ಟು ತೆಗೆದರೆ ಎಲ್ಲ ಫೋಟೋ ಒಂದೇ ಥರ ಕಾಣುತ್ತದೆ. ಯಾವ ಬಟ್ಟೆಯಲ್ಲಿ ಸಿಕ್ಕಿತೋ ಆ ಬಟ್ಟೆಯ ಮೇಲೇ ಇಟ್ಟು ತೆಗಿ. ಚೆನ್ನಾಗಿ ಬರುತ್ತದೆ.

ನಿನ್ನ ಚೂಟಿ


ಸೆಪ್ಟೆಂಬರ್ 6

ಚೂಟಿ,

ನೀಲಿ ಬ್ಯಾಡ್ಜಿನ ವಿಷಯವನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದೇನೆ. ಕೇಳದವರಿಗೂ ಹೇಳಿದ್ದೇನೆ.

ನೀನು ಹೇಳಿದ ಹಾಗೆ ಬಟ್ಟೆಯ ಮೇಲಿಟ್ಟು ಈ ವಾರ ಮೂರು ಫೋಟೋ ಕಳಿಸಿದೆ. ಸೀಟಿ, ಒಂದೇ ಓಲೆ, ಮತ್ತೊಂದು ಕಿವಿ ಮೆಷಿನ್ನು. ಕಿವಿ ಕೇಳಿಸದವರು ಹಾಕಿಕೊಳ್ಳುತ್ತಾರಲ್ಲ, ಅದು. ನೀರಿಗೆ ಬೀಳುವ ಮೊದಲೇ ನನ್ನ ಬೆರಳಿಗೆ ಸಿಕ್ಕಿತು ಪುಣ್ಯಕ್ಕೆ. ಯಾರದೆಂದು ನಿನಗೂ ಹೇಳುವುದಿಲ್ಲ. ನನಗೂ ಒಂದು ಧರ್ಮ ಇದೆ.

ಬೆಳಕು ಚೆನ್ನಾಗಿತ್ತು. ನಾನೇ ತೆಗೆದದ್ದೆಂದು ನಂಬುವುದಿಲ್ಲ ನೀನು.

ನಿನ್ನ ಅಮ್ಮ


ಸೆಪ್ಟೆಂಬರ್ 20

ಅಮ್ಮಾ!

ಲ್ಯಾಬಿಗೆ ಹೋಗಿ ನೋಡಿದರೆ ನಮ್ಮ ಪೇಜು ಎಲ್ಲೆಲ್ಲೂ ಹರಡಿಬಿಟ್ಟಿದೆ. ಕಿವಿ ಮೆಷಿನ್ನಿನ ಫೋಟೋ! ಅದರ ಕೆಳಗೆ ನಾನು ಬರೆದದ್ದು: 'ಇಲ್ಲೊಂದು ಕಿವಿ ಒಣಗಲು ಹಾಕಿದೆ. ಯಜಮಾನರನ್ನು ಕೂಗಿ ಕೂಗಿ ಸಾಕಾಯಿತು.' ಸಾವಿರಗಟ್ಟಲೆ ಲೈಕು. ನಗೆಯ ಪೇಜುಗಳೆಲ್ಲ ಎತ್ತಿಕೊಂಡು ತಾವೂ ಹಾಕಿವೆ. ಊಟದ ಹಾಲಿನಲ್ಲಿ ದೊಡ್ಡ ಕ್ಲಾಸಿನವರು ನನಗೆ ಜಾಗ ಬಿಟ್ಟು ಕೊಟ್ಟರು.

ಈ ವಾರದ ಫೋಟೋ ಯಾಕೆ ಬಂದಿಲ್ಲ?

ನಿನ್ನ ಚೂಟಿ


ಅಕ್ಟೋಬರ್ 2

ಚೂಟಿ,

ಫೋಟೋ ಬರುವುದಿಲ್ಲ. ಯಾಕೆಂದು ನಡೆದ ಹಾಗೆಯೇ ಬರೆಯುತ್ತೇನೆ, ಕೂತು ಓದು.

ಎರಡು ವಾರದ ಹಿಂದೆ ಮೂಲೆಮನೆಯಾಕೆ ಬಟ್ಟೆ ತೆಗೆದುಕೊಳ್ಳಲು ಬಂದವಳು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದಳು. "ನಮ್ಮ ಅಣ್ಣನ ಮಗ ಕಳಿಸ್ದ, ಬೇರೆ ಊರಿಂದ. ನೋಡ್ರೀ, ಈ ಕೋಟು ನಮ್ಮ ಔಷಧಿ ಅಂಗಡಿಯವರದ್ದಲ್ವಾ? ಕಂದು ಗುಂಡಿ!"

ನಾನು "ಎಷ್ಟೋ ಕೋಟು ಇರುತ್ತೆ" ಎಂದೆ. ಅವಳು ನಕ್ಕಳು. ಇಡೀ ರಸ್ತೆಯಲ್ಲಿ ಬೂದು ಕೋಟಿಗೆ ಕಂದು ಗುಂಡಿ ಹಾಕಿಕೊಟ್ಟ ಘನಂದಾರಿ ಕೆಲಸ ಯಾರದು? ನನ್ನದೇ. ಹೆಸರು ಹಾಕದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದವಳು ಅವರ ಹೊಟ್ಟೆಯ ಮೇಲೆ ಗುರುತು ಹೊಲಿದಿಟ್ಟಿದ್ದೆ.

ಸಂಜೆಯೊಳಗೆ ಎಲ್ಲರಿಗೂ ಗೊತ್ತಾಯಿತು. ಹುಡುಗರು ಅವರ ಅಂಗಡಿಯ ಮುಂದೆ ನಿಂತು "ತಲೆನೋವಿನ ಮಾತ್ರೆ!" ಎಂದು ಕಿರುಚಿ ಓಡುತ್ತಿದ್ದಾರೆ. ಅದಾದರೂ ಹೋಗಲಿ. ಎದುರುಮನೆಯ ಬಾಣಂತಿ ನನ್ನ ಹತ್ತಿರವೇ ಬಂದು ಕೇಳಿದಳು, "ಅಕ್ಕಾ, ಮಗೂಗೆ ಅಂತ ಹೋದ ತಿಂಗಳು ಔಷಧಿ ತಂದಿದ್ದೆ. ನಾನು ಹೇಳಿದ್ದು ಅವ್ರಿಗೆ ಸರಿಯಾಗಿ ಕೇಳಿಸಿರುತ್ತಾ?" ಡಾಕ್ಟರ ಚೀಟಿ ನೋಡಿಯೇ ಕೊಡುವುದಲ್ಲವೇ ಎಂದೆ. ತಲೆ ಆಡಿಸಿದಳು. ಮಾರನೇ ದಿನ ಮಗುವನ್ನು ಎತ್ತಿಕೊಂಡು ಬಸ್ ಸ್ಟಾಪಿನ ಹತ್ತಿರದ ಔಷಧಿ ಅಂಗಡಿಗೆ ನಡೆದು ಹೋಗುತ್ತಿದ್ದದ್ದನ್ನು ಕಣ್ಣಾರೆ ನೋಡಿದೆ. ಆ ಮನುಷ್ಯ ಇಷ್ಟು ದಿನ ಅದನ್ನು ಜೇಬಿನಲ್ಲಿ ಮುಚ್ಚಿಟ್ಟುಕೊಂಡಿದ್ದು ಈ ಭಯಕ್ಕೇ ಇರಬೇಕು.

ಶನಿವಾರ ಅವರು ಬಂದರು. ಕೋಟು ಒಗೆಯಲು ಕೊಡಲಿಲ್ಲ. ನಾನು ಹಿಂದೆ ಅವರ ಮುಂದೆ ತಳ್ಳಿದ್ದ ತಗಡಿನ ಬಟ್ಟಲನ್ನು ವಾಪಸು ತಂದಿದ್ದರು, ಕೋಟಿನ ಜೊತೆ ಮರೆತು ಮನೆಗೆ ಹೋಗಿತ್ತಂತೆ. ಅದನ್ನು ಟೇಬಲ್ಲಿನ ಮೇಲಿಟ್ಟರು.

ನಾನು "ಸಾರ್..." ಎಂದೆ.

"ಬಟ್ಟೆ ನಿಮಗೆ ಕೊಟ್ಟಿದ್ದೆ ತಾಯಿ. ಬಟ್ಟಲಲ್ಲಿದ್ದದ್ದನ್ನ ಕೊಟ್ಟಿರಲಿಲ್ಲ. ಜೇಬಲ್ಲಿಟ್ಟಿದ್ದೆ" ಎಂದರು. ಕೂಗಲಿಲ್ಲ. ಕೂಗಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ.

ಅವರು ಹೋದ ಮೇಲೆ ನಿನಗೆ ಬೈದು ನಾಲ್ಕು ಪುಟ ಬರೆದೆ. ನಿಮ್ಮಪ್ಪ ಓದಿದರು. ಎರಡು ವಾರದಲ್ಲಿ ಮೊದಲ ಸಲ ಬಾಯಿ ಬಿಟ್ಟರು. "ಫೋಟೋ ತೆಗೆದವಳು ನೀನು. ಮಗಳಿಗೆ ಬೈಯೋದಾದ್ರೆ ಅರ್ಧ ಬೈಯಿ." ಆ ನಾಲ್ಕು ಪುಟದಿಂದ ಒಲೆ ಹಚ್ಚಿದೆ. ಉಳಿದರ್ಧ ನನ್ನದು.

ಒಂದೇ ಪ್ರಶ್ನೆ ಕೇಳುತ್ತೇನೆ. ಅದು ಯಾರ ಕೋಟು ಎಂದು ನಿನಗೆ ಗೊತ್ತಿತ್ತೇ?

ಅಮ್ಮ


ಅಕ್ಟೋಬರ್ 9

ಅಮ್ಮಾ,

ಗೊತ್ತಿತ್ತು.

ಫೋಟೋ ತೆರೆದ ತಕ್ಷಣ ಗೊತ್ತಾಯಿತು. ಗುಂಡಿಯ ವಿಷಯ ನೀನೇ ಬರೆದಿದ್ದೆಯಲ್ಲ. ಗುಂಡಿಯ ಭಾಗವನ್ನು ಕತ್ತರಿಸಿ ಹಾಕೋಣ ಎಂದುಕೊಂಡೆ. ಆದರೆ ಗುಂಡಿ ಇದ್ದರೆ ಚೆನ್ನಾಗಿ ಕಾಣುತ್ತಿತ್ತು, ಕಣ್ಣಿನ ಥರ. ನಮ್ಮ ರಸ್ತೆಯವರು ಇದನ್ನೆಲ್ಲ ಎಲ್ಲಿ ನೋಡುತ್ತಾರೆ ಎಂದುಕೊಂಡೆ. ನನಗೆ ಜ್ವರ ಬಂದಾಗ ಕಹಿ ಔಷಧಿಯ ಜೊತೆ ಕಲ್ಲುಸಕ್ಕರೆ ಕೊಡುತ್ತಿದ್ದವರು ಅವರೇ ಎನ್ನುವುದೂ ನೆನಪಾಯಿತು. ಆದರೂ ಹಾಕಿದೆ.

ನಿನ್ನ ಪತ್ರ ಓದಿದ ಮೇಲೆ ನಾನೇ ಕಂಪ್ಯೂಟರ್ ಟೀಚರ ಹತ್ತಿರ ಹೋದೆ. ಬಾಗಿಲಿನ ಹೊರಗೆ ತುಂಬ ಹೊತ್ತು ನಿಂತಿದ್ದೆ, ಒಳಗಿನಿಂದ ಅವರೇ "ಬಾ, ಬಾಗಿಲು ಸವೆದುಹೋಗುತ್ತೆ" ಎಂದರು. ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ನೀನಾಗೇ ಬಂದೆ, ಸಂತೋಷ. ಬ್ಯಾಡ್ಜು ಟೇಬಲ್ ಮೇಲಿಡು" ಎಂದರು. ಖಾತೆಯನ್ನೂ ಮುಚ್ಚಿದರು. ಪಾಠಕ್ಕೆ ಬೇಕಾದಾಗ ಅವರ ಪಕ್ಕದಲ್ಲಿ ಕೂತು ಬಳಸಬೇಕು.

ಫೋಟೋ ತೆಗೆದುಹಾಕಿದೆ. ಆಮೇಲೆ ನಾನು, "ಪೇಜಿನಲ್ಲಿ ದೊಡ್ಡದಾಗಿ ಕ್ಷಮೆ ಕೇಳ್ತೀನಿ ಮಿಸ್, ಔಷಧಿ ಅಂಗಡಿಯವರೇ ತಪ್ಪಾಯ್ತು ಅಂತ" ಎಂದೆ. ಟೀಚರು ಕನ್ನಡಕ ತೆಗೆದರು.

"ಆ ಫೋಟೋ ನೋಡಿ ನಕ್ಕವರಲ್ಲಿ ಅವರು ಔಷಧಿ ಅಂಗಡಿಯವರು ಅಂತ ಎಷ್ಟು ಜನಕ್ಕೆ ಗೊತ್ತು?"

"ನಮ್ಮ ರಸ್ತೆಯವರಿಗೆ."

"ನೀನು ಕ್ಷಮೆ ಕೇಳಿದ ಮೇಲೆ?"

ಪೇಜು ನೋಡುವವರಿಗೆಲ್ಲ ಎಂದು ನನಗೆ ಆಗ ಹೊಳೆಯಿತು. "ತಪ್ಪು ಮಾಡಿದ್ದು ಒಬ್ಬರಿಗೆ. ಒಬ್ಬರಿಗೇ ಬರಿ. ಪೇಜಿನವರ ಲೈಕು ಬೇಡ ಅದಕ್ಕೆ" ಎಂದರು.

ಈಗ ದಿನಾ ಸಂಜೆ ಅವರ ಪಕ್ಕದಲ್ಲಿ ಕೂತು, ಫೋಟೋ ಎತ್ತಿಕೊಂಡಿರುವ ಒಂದೊಂದು ಪೇಜನ್ನೂ ಹುಡುಕಿ 'ಇದು ಕೇಳದೆ ತೆಗೆದ ಚಿತ್ರ, ದಯವಿಟ್ಟು ಅಳಿಸಿ' ಎಂದು ಬರೆಯುತ್ತಿದ್ದೇನೆ. ಹಾಕುವುದಕ್ಕೆ ಒಂದು ಸಲ ಒತ್ತಿದರೆ ಸಾಕಿತ್ತು. ಕೆಲವರು ಅಳಿಸಿ 'ಸಾರಿ' ಎಂದಿದ್ದಾರೆ. ಕೆಲವರು ಉತ್ತರ ಕೊಟ್ಟಿಲ್ಲ. ಒಬ್ಬರು ನಗುವ ಮುಖ ಕಳಿಸಿದ್ದಾರೆ, ಅಷ್ಟೇ.

ಔಷಧಿ ಅಂಗಡಿಯವರಿಗೆ ಪತ್ರ ಬರೆಯಲು ಕೂತರೆ ಮೊದಲ ಸಾಲೇ ಬರುತ್ತಿಲ್ಲ. ಹೇಳಿಕೊಡು.

ಚೂಟಿ


ಅಕ್ಟೋಬರ್ 15

ಚೂಟಿ,

ಹೇಳಿಕೊಡುವುದಿಲ್ಲ. ನಾನು ಹೇಳಿಕೊಟ್ಟರೆ ಅದು ನನ್ನ ಪತ್ರವಾಗುತ್ತದೆ. ನನ್ನದನ್ನು ನಾನೇ ಹೋಗಿ ಅವರೆದುರು ನಿಂತು ಒಪ್ಪಿಸಿ ಬಂದಿದ್ದೇನೆ. ಅವರು ಮಾತ್ರೆ ಎಣಿಸುತ್ತಿದ್ದರು, ಎಣಿಸುವುದನ್ನು ನಿಲ್ಲಿಸಲಿಲ್ಲ.

ಒಂದನ್ನು ಮಾತ್ರ ನೆನಪಿಡು. 'ಗೊತ್ತಿಲ್ಲದೆ ಆಯಿತು' ಎಂದು ಬರೆಯಬೇಡ. ಆ ಸಾಲು ಬರೆಯಲು ಬಹಳ ಸುಲಭ, ಅದಕ್ಕೇ ಹೇಳಿದೆ.

ಆ ಹನ್ನೊಂದು ಪುಟ ತರಿಸಿಕೊಂಡು ಈಗ ಓದಿದೆ. ಎಂಟನೇ ಪುಟದಲ್ಲಿದೆ, ಬೇರೆಯವರ ಚಿತ್ರ ಕೇಳದೆ ಹಾಕಬಾರದು ಎಂದು. ಇಬ್ಬರೂ ಸಹಿ ಹಾಕಿದ್ದೇವೆ. ಅಚ್ಚುಕಟ್ಟಾಗಿ.

ಬೇಜಾರಾದಾಗ ದಿಂಬಿನ ಕವರನ್ನು ಕಳಿಸು, ನಿಮ್ಮಪ್ಪ ಮತ್ತೆ ಇಸ್ತ್ರಿ ಹಾಕುತ್ತಾರಂತೆ. ಅವರ ಭಾಷೆಯಲ್ಲಿ ಅದು ಉದ್ದದ ಪತ್ರ.

ಅಮ್ಮ


ಜನವರಿ 12

ಮಗು,

ನಿನ್ನ ಪತ್ರ ಬಂದು ತಿಂಗಳುಗಳಾದವು. ಉತ್ತರ ಬರೆಯಬಾರದೆಂದಿದ್ದೆ. ನಮ್ಮ ಕಸುಬಿನಲ್ಲಿ ಬರೆಯುವವರು ಡಾಕ್ಟರು, ಓದುವವರು ನಾವು. ಆದ್ದರಿಂದ ಬರೆದು ರೂಢಿಯೂ ಇಲ್ಲ.

'ಗೊತ್ತಿದ್ದೂ ಹಾಕಿದೆ' ಎಂದು ಬರೆದಿದ್ದೀಯ. ಆ ಒಂದು ಸಾಲಿಗಾಗಿ ಬರೆಯುತ್ತಿದ್ದೇನೆ.

ಮೂರು ಮನೆಯವರು ಈಗಲೂ ಬಸ್ ಸ್ಟಾಪಿನ ಅಂಗಡಿಗೇ ಹೋಗುತ್ತಾರೆ. ಅವರದು ತಪ್ಪೆನ್ನಲಾರೆ. ಎಳೆಮಗುವಿಗೆ ಜ್ವರ ಬಂದರೆ ನಾನಾದರೂ ಕಿವಿ ಸರಿಯಿರುವವನನ್ನೇ ಹುಡುಕುತ್ತಿದ್ದೆ. ಉಳಿದವರು ಬರುತ್ತಾರೆ. ಮೊದಮೊದಲು ಕಿರುಚುತ್ತಿದ್ದರು, ಈಗ ಕಡಿಮೆ. ಯಾರು ಏನು ಕೇಳಿದರೂ ನಾನು ಒಮ್ಮೆ ತಿರುಗಿ ಹೇಳಿ, ಅವರು ಹೌದೆಂದ ಮೇಲೆ ಕೊಡುತ್ತೇನೆ.

ಆ ಯಂತ್ರ ಬಹಳ ದಿನ ಜೇಬಿನಲ್ಲೇ ಇತ್ತು. ಪ್ರತಿ ಬೆಳಿಗ್ಗೆ ಬಾಗಿಲು ತೆಗೆಯುವಾಗ 'ನಾಳೆ' ಎನ್ನುತ್ತಿದ್ದೆ. ಈಗ ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲವಾದ್ದರಿಂದ ಹಾಕಿಕೊಳ್ಳುತ್ತೇನೆ. ಅಂಗಡಿಯ ಫ್ಯಾನು ಇಷ್ಟು ಕಿರುಗುಟ್ಟುತ್ತದೆಂದು ಗೊತ್ತಿರಲಿಲ್ಲ. ನನ್ನ ಹೆಂಡತಿ ಪಾತ್ರೆ ತೊಳೆಯುವಾಗ ಹಾಡಿಕೊಳ್ಳುತ್ತಾಳೆ, ಅದೂ ಗೊತ್ತಿರಲಿಲ್ಲ. ಹಾಡಿನ ಮಧ್ಯೆ ನನಗೆ ಬೈಯುತ್ತಾಳೆ. ಮರೆಯಲ್ಲಿ ನಿಂತು ಕೇಳುತ್ತೇನೆ.

ಹಾಗಾದರೆ ಒಳ್ಳೆಯದೇ ಆಯಿತಲ್ಲ ಎಂದು ಯಾರಾದರೂ ನಿನಗೆ ಹೇಳಬಹುದು. ಒಪ್ಪಬೇಡ. ಅದನ್ನು ಕಿವಿಗಿಟ್ಟುಕೊಂಡು ಅಂಗಡಿಯ ಬಾಗಿಲು ತೆಗೆಯುವ ದಿನ ಒಂದಿತ್ತು. ಯಾವತ್ತೆಂದು ನಾನು ತೀರ್ಮಾನಿಸಬೇಕಿತ್ತು. ಆ ದಿನ ನನ್ನದಾಗಿತ್ತು. ನೀನು ಅದನ್ನು ತೆಗೆದುಕೊಂಡೆ. ವಾಪಸು ಕೊಡಲು ಬರುವುದಿಲ್ಲವೆಂದು ನನಗೂ ಗೊತ್ತು, ಆದ್ದರಿಂದ ಕೇಳುತ್ತಿಲ್ಲ.

ಒಂದು ಪೇಜು ಇನ್ನೂ ಅಳಿಸಿಲ್ಲವೆಂದು ಬರೆದಿದ್ದೀಯ. ಅದರ ಬೆನ್ನು ಹತ್ತಿ ಓದು ಕೆಡಿಸಿಕೊಳ್ಳಬೇಡ.

ಔಷಧಿ ಅಂಗಡಿಯವರು

ಕೆಮ್ಮಿದ್ದರೆ ಬಿಸಿನೀರು ಕುಡಿ. ಹಾಸ್ಟೆಲ್ಲಿನಲ್ಲಿ ಎಲ್ಲರಿಗೂ ಕೆಮ್ಮಿರುತ್ತದೆ.


ಫೆಬ್ರವರಿ 1

ಅಮ್ಮಾ,

ಅವರ ಪತ್ರವನ್ನು ಟೀಚರಿಗೆ ತೋರಿಸಿದೆ. ಓದಿ, ಮಡಿಸಿ ವಾಪಸು ಕೊಟ್ಟರು. ನನಗೆ ಖಾತೆ ಮತ್ತೆ ತೆರೆದುಕೊಟ್ಟಿದ್ದಾರೆ. ಬ್ಯಾಡ್ಜು ಪಕ್ಕದ ಮಂಚದವಳ ಹತ್ತಿರ ಇದೆ. ಅವಳಿಗೆ ಚೆನ್ನಾಗಿ ಒಪ್ಪುತ್ತದೆ, ನಿಟ್ಟುಸಿರು ಬಿಡುವುದನ್ನು ಮಾತ್ರ ನಾನೇ ಹೇಳಿಕೊಡಬೇಕಾಯಿತು.

ನಿನ್ನೆ ಚಿಕ್ಕ ಕ್ಲಾಸಿನವಳೊಬ್ಬಳು ಶಾಲೆಯ ಕ್ಯಾಮೆರಾ ಹಿಡಿದು ಬಂದು, "ಅಕ್ಕಾ, ನಮ್ಮ ರೂಮಿನವಳು ಮಲಗಿದಾಗ ಬಾಯಿ ತೆರ್ಕೊಂಡಿರೋ ಫೋಟೋ ಹಾಕ್ಲಾ? ಸಕತ್ತಾಗಿದೆ" ಎಂದಳು. ನಿಜವಾಗಿಯೂ ಸಕತ್ತಾಗಿತ್ತು ಅಮ್ಮಾ. ನನಗೂ ನಗು ಬಂತು. "ಅವಳು ಎದ್ದ ಮೇಲೆ ಕೇಳು" ಎಂದೆ. "ಕೇಳಿದ್ರೆ ಬೇಡ ಅಂತಾಳಲ್ಲ" ಎಂದಳು. "ಹಾಗಾದ್ರೆ ಗೊತ್ತಾಯ್ತಲ್ಲ" ಎಂದೆ.

ದಿಂಬಿನ ಕವರು ಕಳಿಸಿದ್ದೇನೆ. ಬೇಜಾರಿಗೆ ಅಲ್ಲ, ಕೊಳೆಯಾಗಿದೆ.

ನಿನ್ನ ಚೂಟಿ


ಜೂನ್ 7

ಚೂಟಿ,

ನಿನ್ನ ಒಪ್ಪಿಗೆಯ ಪತ್ರ ಬಂತು. ಇನ್ನು ಔಷಧಿ ಅಂಗಡಿಯವರನ್ನು ಕೇಳಬೇಕಿತ್ತಲ್ಲ, ನಾಲ್ಕು ದಿನದ ಹಿಂದೆ ಹೋದೆ. ಕಿವಿಯಲ್ಲಿ ಮೆಷಿನ್ನಿತ್ತು, ಆದರೂ ಅಭ್ಯಾಸಬಲದಿಂದ ಜೋರಾಗಿ ಹೇಳಿದೆ. "ಮೆಲ್ಲಗೆ ತಾಯಿ, ಮೊದಲು ಕೇಳಿಸ್ತಿರಲಿಲ್ಲ, ಈಗ ನೀವು ಕಿವುಡು ಮಾಡ್ತೀರಿ" ಎಂದರು.

ಶಾಲೆಯ ಮಕ್ಕಳಿಗೆ ನಿಮ್ಮ ಪತ್ರ ಓದಬಹುದಾ, ಹೆಸರಿರುವುದಿಲ್ಲ ಎಂದೆ. "ಹೆಸರು ಆಗಲೂ ಇರಲಿಲ್ಲ" ಎಂದರು. ನನಗೆ ನೆಲ ನೋಡುವ ಹಾಗಾಯಿತು. ಒಂದು ಸಣ್ಣ ಬಾಟಲಿಗೆ ಮುಚ್ಚಳ ತಿರುಗಿಸಿ, ಶೆಲ್ಫಿನಲ್ಲಿಟ್ಟು, ಆಮೇಲೆ ಹೇಳಿದರು, "ಓದಲಿ. ಈ ಸಲ ಕೇಳಿದ್ರಲ್ಲ."

ಹೊರಡುವಾಗ ಕೋಟು ಕೊಟ್ಟರು. ಅಕ್ಟೋಬರಿನಿಂದ ಮನೆಯಲ್ಲೇ ಒಗೆಯುತ್ತಿದ್ದರಂತೆ, ಕಾಲರು ನೋಡಿದರೆ ಅಳು ಬರುತ್ತದೆ. "ಬೂದು ಗುಂಡಿ ಸಿಕ್ಕಿದ್ರೆ ಹಾಕಿಕೊಡಿ" ಎಂದರು. ನಾಲ್ಕು ಅಂಗಡಿ ತಿರುಗಿ ತಂದೆ. ಇದನ್ನು ಅವತ್ತೇ ಮಾಡಬಹುದಿತ್ತು. ನಿಮ್ಮಪ್ಪ ಆ ಕೋಟಿಗೆ ಇಸ್ತ್ರಿ ಹಾಕುತ್ತಾ ಏನನ್ನೋ ಗುನುಗುತ್ತಿದ್ದರು. ಜೇಬು ನೋಡಿದ್ದು ನಾನು. ಒಂದು ಕಲ್ಲುಸಕ್ಕರೆಯ ಪೊಟ್ಟಣವಿತ್ತು. ಬಟ್ಟಲಿಗೆ ಹಾಕಿ, ಅವರು ಕೋಟು ಒಯ್ಯಲು ಬಂದಾಗ ಮುಂದೆ ತಳ್ಳಿದೆ. "ಅದು ಹಾಸ್ಟೆಲ್ಲಿಗೆ" ಎಂದರು. ಈ ಪತ್ರದ ಜೊತೆ ಬಂದಿದೆ, ಇದನ್ನು ನಿನಗೆ ಬರೆಯಬಹುದೇ ಎಂದು ಕೇಳಿಯೇ ಬರೆದಿದ್ದೇನೆ.

ಇನ್ನು ಲೆಕ್ಕ ಮುಗಿಸುತ್ತೇನೆ. ನಿನಗೆ ಸಿಕ್ಕಿದ್ದು: ಖಾತೆ, ಒಂದು ಪತ್ರ, ಕಲ್ಲುಸಕ್ಕರೆ. ನಿನ್ನ ಶಾಲೆಗೆ: ಎಂಟನೇ ಪುಟದಲ್ಲಿ ಇನ್ನೊಂದು ಸಾಲು, ಜನರ ಚಿತ್ರ ಮಾತ್ರವಲ್ಲ, ಜನರ ವಸ್ತುವಿನ ಚಿತ್ರಕ್ಕೂ ಕೇಳಬೇಕೆಂದು. ನಿಮ್ಮಪ್ಪನಿಗೆ: ಮುಚ್ಚಳವಿರುವ ಹೊಸ ಬಟ್ಟಲುಗಳು, ಕೇಳಿ ಕೇಳಿ ತರಿಸಿಕೊಂಡರು. ಆ ನಗೆಯ ಪೇಜಿನವನಿಗೆ: ಫೋಟೋ, ಈಗಲೂ ಅಲ್ಲೇ ಇದೆ. ನನಗೆ: ಶನಿವಾರದ ಗಿರಾಕಿ, ಮತ್ತು ಕತ್ತರಿಸಿ ತೆಗೆದ ಒಂದು ಕಂದು ಗುಂಡಿ.

ಔಷಧಿ ಅಂಗಡಿಯವರಿಗೆ ಏನು ಸಿಕ್ಕಿತೆಂದು ಬರೆಯಲಿ ಎಂದು ಅವರನ್ನೇ ಕೇಳಿದೆ. "ಒಂದು ಬೂದು ಗುಂಡಿ ಅಂತ ಬರೀರಿ" ಎಂದರು. ಬರೆದಿದ್ದೇನೆ.

ನಿನ್ನ ಅಮ್ಮ